ಏನು ತಪ್ಪು ಅಂತ ಹೇಳಕ್ಕಾ

“ತಪ್ಪು,” ಎಂದಳು ಟೈಲರ್ ಅಕ್ಕ, ಪರದೆಯ ಹೊರಗಿನಿಂದ.

ಬಲ್ಬು ಕೆಟ್ಟಿದ್ದ ಟ್ರಯಲ್ ರೂಮಿನೊಳಗೆ ಅವಳ ತಮ್ಮ, ಪ್ರೋಗ್ರಾಮರ್, ಒಂಟಿಕಾಲಲ್ಲಿ ಕುಣಿಯುತ್ತಿದ್ದ. ಇನ್ನರ್ಧ ಗಂಟೆಗೆ ಇಂಟರ್‌ವ್ಯೂ. ಅಕ್ಕ ಹೊಲಿದುಕೊಟ್ಟ ಹೊಸ ಸೂಟಿನೊಳಗೆ ಕಾಲು ಅರ್ಧ ಹೋಗಿ ಸಿಕ್ಕಿಕೊಂಡಿತ್ತು.

“ಏನು ತಪ್ಪು ಅಂತ ಹೇಳಕ್ಕಾ. ಬಿಗಿಯಾಯ್ತಾ? ಉದ್ದ ಕಡಿಮೆನಾ?”

“ತಪ್ಪು. ಮತ್ತೆ ಪ್ರಯತ್ನಿಸಿ.”

ಆ ಮಾತು ಎಲ್ಲಿಯದೆಂದು ಅವನಿಗೆ ಆಗ ಹೊಳೆಯಿತು. ಅಳತೆ ಕೊಟ್ಟರೆ ಎಷ್ಟು ಬಟ್ಟೆ ಬೇಕೆಂದು ಹೇಳುವ ಪ್ರೋಗ್ರಾಮನ್ನು ಅಕ್ಕನ ಅಂಗಡಿಗೆ ಬರೆದುಕೊಟ್ಟವನು ಅವನೇ. ಬೆಳಿಗ್ಗೆ ಅವಳು ಸೊಂಟದ ಅಳತೆಯನ್ನು ‘ಮೂವತ್ತೆರಡು’ ಎಂದು ಅಕ್ಷರದಲ್ಲಿ ಹಾಕಿದ್ದಳು. ಗಿರಾಕಿ ಎದುರಿಗೇ ನಿಂತಿದ್ದಾಗ ಅದು ‘ತಪ್ಪು. ಮತ್ತೆ ಪ್ರಯತ್ನಿಸಿ’ ಎಂದಷ್ಟೇ ಹೇಳುತ್ತ ಹೋಗಿತ್ತು. ಅವಳು ಫೋನ್ ಮಾಡಿ ಕೇಳಿದರೆ, “ಅಂಕಿ ಹಾಕ್ಬೇಕು ಅಂತ ಯಾರಿಗಾದ್ರೂ ಗೊತ್ತಾಗತ್ತೆ,” ಎಂದು ಇವನು ನಕ್ಕಿದ್ದ.

“ಆಯ್ತಕ್ಕಾ, ಇವತ್ತೇ ಸರಿ ಮಾಡ್ತೀನಿ. ಏನು ಬೇಕಿತ್ತು, ನೀನೇನು ಕೊಟ್ಟೆ, ಎರಡೂ ಹೇಳೋ ಹಾಗೆ ಬರೀತೀನಿ. ಈಗಲಾದ್ರೂ ಹೇಳು ತಾಯಿ.”

ಒಳಗೆ ಪಟ್ಟೆಂದು ದಾರವೊಂದು ಹರಿಯಿತು. ಪರದೆಯ ಕೆಳಗೆ ಜೋತಾಡುತ್ತಿದ್ದ ಗುಂಡಿಗಳ ಸಾಲನ್ನು ಅಕ್ಕ ಸ್ಕೇಲಿನಿಂದ ತಟ್ಟಿದಳು.

“ಕೋಟಿನ ತೋಳಿಗೆ ಕೈ ಬೇಕು. ನೀನು ಕೊಟ್ಟಿರೋದು ಕಾಲು.”