ಖಾಲಿ ಚೀಟಿ

ಒಹಾಯೊದ ಹಾವಿನ ಸಂತೆಯಲ್ಲಿ ವ್ಯಾಪಾರಿ ಡ್ವೇನ್, ಹಾವು ಸಾಕಿ ಮಾರುವ ಲೊರೆಟಾಳ ಮೇಜಿನಿಂದ ಕಿತ್ತಳೆ ಪಟ್ಟೆಯ ಮರಿಯಿದ್ದ ಡಬ್ಬಿ ಎತ್ತಿಕೊಂಡ. "ತಿನ್ನುತ್ತೆ ತಾನೇ, ಲೊರೆಟಾ? ತಿನ್ನದ ಮರಿ ಕಟ್ಕೊಂಡು ಒದ್ದಾಡೋಕೆ ನಂಗಾಗಲ್ಲ."

ಮರಿ ತಾನಾಗಿ ಐದು ಸಲ ಇಲಿ ತಿಂದದ್ದನ್ನು, ಮರಿಯ ಜೊತೆ ಕೊಡುವ ಐದು ಗೆರೆಯ ಚೀಟಿಯಲ್ಲಿ ಬರೆಯುವವರೆಗೂ ಲೊರೆಟಾ ಅದನ್ನು ಮಾರುತ್ತಿರಲಿಲ್ಲ. ಆರು ವರ್ಷದ ಹಿಂದೆ ಇದೇ ಡ್ವೇನ್, "ಚೆನ್ನಾಗಿ ತಿನ್ನುತ್ತೆ, ಚೀಟಿ ಆಮೇಲೆ ತುಂಬಿಸ್ಕೊಡ್ತೀನಿ" ಎಂದು ಖಾಲಿ ಚೀಟಿಗೆ ಬರೀ ಸಹಿ ಹಾಕಿ ಅವಳಿಗೆ ಮಾರಿದ್ದ ಮರಿ, ಒಂದು ಇಲಿಯನ್ನೂ ಮುಟ್ಟದೆ ಅವಳ ಅಂಗೈಯಲ್ಲೇ ಸತ್ತಿತ್ತು.

"ಒಂಬತ್ತು ಸಲ ತಿಂದಿದೆ," ಎನ್ನುತ್ತಾ ಲೊರೆಟಾ ಡಬ್ಬಿಯನ್ನು ಅವನ ಕೈಯಿಂದ ಬಿಡಿಸಿಕೊಂಡಳು. ಪರ್ಸಿನಿಂದ ಆ ಹಳೇ ಚೀಟಿ ತೆಗೆದು, ಸಾಲಿನಲ್ಲಿ ನಿಂತವರಿಗೆಲ್ಲ ಕಾಣುವಂತೆ ಮೇಜಿನ ಮೇಲಿಟ್ಟಳು. ಐದೂ ಗೆರೆ ಖಾಲಿ, ಕೆಳಗೆ ಅವನ ಸಹಿ. ಪೆನ್ನನ್ನು ಅವನತ್ತ ತಳ್ಳಿದಳು.

"ಮೊದಲು ಇದನ್ನ ತುಂಬಿಸ್ಕೊಡು, ಡ್ವೇನ್. ಕಾಯ್ತೀನಿ."