ಅಣ್ಣನ ಎಡವಟ್ಟು, ನನ್ನ ತಪ್ಪು

ಅಮೆರಿಕದ ಇಸ್ಸಾಕ್ವಾದಲ್ಲಿ ಮಗಳ ಮನೇಲಿ ಮೊಮ್ಮಗಳು ಇಸ್ತ್ರಿ ಮಾಡುವಾಗ ಅಂಗಿ ಸುಟ್ಟುಕೊಂಡು "ಊಪ್ಸ್, ಅಜ್ಜಿ" ಅಂದಳು. ಆ ಸೀದ ವಾಸನೆಗೆ ನನಗೆ ಹಳೇ ಮಧ್ಯಾಹ್ನವೊಂದು ನೆನಪಾಯಿತು.

ಆವತ್ತು ಭಾನುವಾರ. ಕೆಂಡದ ಇಸ್ತ್ರಿಪೆಟ್ಟಿಗೆ ಅಣ್ಣನ ಕೈಲಿತ್ತು. ಅದನ್ನು ಅಪ್ಪನ ಪಂಚೆ ಮೇಲೆ ಬಿಟ್ಟು, ಬಾಗಿಲಿಗೆ ಬಂದ ಗೆಳೆಯನ ಜೊತೆ ಮಾತಿಗೆ ನಿಂತ. ಪಂಚೆಗೆ ಅಂಗೈಯಗಲ ತೂತು ಬಿತ್ತು.

"ಏನೋ ಎಡವಟ್ಟಾಯ್ತು, ಬಿಡು," ಅಂದರು ಅಪ್ಪ. "ಪೆಟ್ಟಿಗೆ ಅವಳಿಗೆ ಕೊಡು."

ನಾನು ನನ್ನ ಸ್ಕೂಲಿನ ಲಂಗ ಹಾಸಿಕೊಂಡೆ. ಇದ್ದದ್ದು ಅದೊಂದೇ. ಪೆಟ್ಟಿಗೆ ಭಾರ, ಎತ್ತೋಕೆ ತಡವಾಯಿತು. ನೀಲಿ ಬಟ್ಟೆ ಕಪ್ಪಾಗಿ, ಮುಟ್ಟಿದರೆ ಹಪ್ಪಳದ ಹಾಗೆ ಮುರಿಯಿತು.

"ತಪ್ಪು ಮಾಡಿದೀಯ," ಅಂದರು ಅಪ್ಪ. "ಹೊಸ ಲಂಗ ಹೊಲಿಸಲ್ಲ. ಸ್ಕೂಲಿಗೆ ಹೋಗಿದ್ದು ಸಾಕು, ಮನೇಲಿದ್ದು ಕೆಲಸ ಕಲಿ."

ಅಡುಗೆಮನೆಗೆ ಹೋಗಿ ಅಮ್ಮನನ್ನು ಕೇಳಿದೆ, "ಅಣ್ಣ ಸುಟ್ಟರೆ ಎಡವಟ್ಟು, ನಾನು ಸುಟ್ಟರೆ ತಪ್ಪಾ?"

ಅಮ್ಮ ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ. "ನಾನು ಮಾಡಿದ್ದನ್ನೂ ಯಾರೂ ಯಾವತ್ತೂ ಎಡವಟ್ಟು ಅಂದಿಲ್ಲ ಕಣೆ. ಹೋಗು, ಪೆಟ್ಟಿಗೆಯ ಬೂದಿ ಚೆಲ್ಲು."

ಚೆಲ್ಲಿದೆ. ಅಳು ಬರಲಿಲ್ಲ.

ಮಾರನೇ ಬೆಳಿಗ್ಗೆ ಅಣ್ಣನ ಶರ್ಟು ನಾನೇ ಇಸ್ತ್ರಿ ಮಾಡಿದೆ. ಎಲ್ಲೂ ಸುಡಲಿಲ್ಲ. ಅವನು ಅದನ್ನು ಹಾಕಿಕೊಂಡು ಸ್ಕೂಲಿಗೆ ಹೋದ.