ನೀರಿಲ್ಲದ ಫೋಟೋ

“ಹಿಂದುಗಡೆ ನೀರು ಕಾಣಿಸ್ಬಾರ್ದು. ಅವರೊಬ್ಬರೇ ಇರ್ಲಿ. ನಾಳೆ ಕಾರ್ಯಕ್ಕೆ ಹಾರ ಹಾಕ್ಬೇಕು,” ಎನ್ನುತ್ತಾ ಯಮುನಾ ತನ್ನ ಮೊಬೈಲನ್ನು ದೊಡ್ಡನೆಕ್ಕುಂದಿ ಸ್ಟುಡಿಯೋದ ಮುರಳಿಯ ಕೈಗೆ ಕೊಟ್ಟಳು. ಅತ್ತೆ ಮಾರಕ್ಕ ಪಕ್ಕದ ಸ್ಟೂಲಿನ ಮೇಲೆ ಕೂತು ನೆಲ ನೋಡುತ್ತಿದ್ದಳು. ಮಗ ಹೋದ ಮೇಲೆ ಅವಳು ಬಿಂದಿಗೆಯ ನೀರನ್ನೂ ನೆಟ್ಟಗೆ ನೋಡಿದವಳಲ್ಲ.

ಯಮುನಾಳ ಗಂಡ ಮುನೀಂದ್ರ ಬಾಯ್ತುಂಬ ನಕ್ಕಿದ್ದ ಫೋಟೋ ಇದೊಂದೇ, ಅವನು ಹೋದ ದಿನ ಅವಳೇ ತೆಗೆದದ್ದು. ಕಡಲ ತೀರದ ಆ ಪಾರ್ಕಿನಲ್ಲಿ ಒಂದು ಕಡೆ ಅಲೆಗಳ ಅಬ್ಬರ, ಇನ್ನೊಂದು ಕಡೆ ಹೊಳೆ ಕಡಲು ಸೇರುವ ಅಳಿವೆ, ಅಲ್ಲಾಡದ ನೀರು. ಅಲೆ ಕಂಡು ಮಾರಕ್ಕನ ಎದೆ ಝಲ್ಲೆಂದಿತ್ತು. “ಅಲ್ಲಿ ಬ್ಯಾಡ ಕಣಪ್ಪಾ, ಈ ಕಡೆ ಬಾ! ಇದು ನಮ್ಮ ಕೆರೆ ಇದ್ದಂಗೈತೆ,” ಎಂದು ಕೈಬೀಸಿ ಕರೆದಿದ್ದಳು. ಪಾಪ, ಕೆರೆ ಏರಿಯ ಮೇಲೆ ಬೆಳೆದವಳಿಗೆ ಕಡಲಿನ ಇಳಿತ ಹೇಗೆ ಗೊತ್ತಾಗಬೇಕು? ಸುಮ್ಮನಿದ್ದ ನೀರು ಒಳಗೊಳಗೇ ಕಡಲಿಗೆ ಓಡುತ್ತಿತ್ತು. ಸೊಂಟದ ಮಟ್ಟಕ್ಕೆ ಇಳಿದವನನ್ನು ಎಳೆದುಕೊಂಡೇ ಹೋಯಿತು.

ಸಾವಿನ ಮನೆಗೆ ಬಂದವರ ಮುಂದೆ ಮಾತ್ರ ಮಾರಕ್ಕ ಹೇಳಿದ್ದೇ ಬೇರೆ. “ಕಡಲು ನೋಡ್ಬೇಕು ಅಂದೋಳು ಇವಳು. ನೀರಿಗೆ ಇಳಿಸಿದ್ದೂ ಇವಳೇ.” ಅಂದಿನಿಂದ ನೆಂಟರು ಯಮುನಾಳ ಕೈಯಿಂದ ಒಂದು ಲೋಟ ಕಾಫಿಯನ್ನೂ ಇಸಿದುಕೊಂಡಿರಲಿಲ್ಲ. ಅವಳು ಬಾಯಿ ಬಿಟ್ಟಿರಲಿಲ್ಲ. ಹೆತ್ತವಳ ಮಾತಿನ ಮುಂದೆ ಸೊಸೆಯ ಮಾತನ್ನು ಯಾರು ನಂಬಿಯಾರು?

ಮುರಳಿ ಕಂಪ್ಯೂಟರಿನಲ್ಲಿ ಫೋಟೋ ದೊಡ್ಡದು ಮಾಡಿದ. ಅಲೆ ಅಳಿಸಿದ, ಮರಳು ಅಳಿಸಿದ. ಆಮೇಲೆ ತಡೆದು ನಿಂತ.

“ಅಕ್ಕಾ, ಈ ಮೂಲೇಲಿ ಯಾರ್ದೋ ಕೈ ಬಂದ್ಬಿಟ್ಟಿದೆ. ಬಾ ಬಾ ಅಂತ ಕರೀತಿರೋ ಹಾಗಿದೆ. ಸಾರ್ ಆ ಕಡೇನೇ ನೋಡ್ಕೊಂಡು ನಗ್ತಿದಾರೆ. ಇರ್ಲಾ, ತೆಗೀಲಾ?”

ಮಣಿಕಟ್ಟಿನಿಂದ ಮೊಣಕೈವರೆಗಿನ ಹಸಿರು ಹಚ್ಚೆ ಪರದೆಯ ಮೇಲೆ ನಿಚ್ಚಳವಾಗಿತ್ತು. ನಾಳೆ ನಡುಮನೆಯಲ್ಲಿ, ಅಷ್ಟೂ ನೆಂಟರ ಎದುರು, ಈ ಕೈ ಗೋಡೆಯ ಮೇಲಿದ್ದರೆ ಸಾಕು. ಅವಳು ಒಂದು ಮಾತೂ ಆಡಬೇಕಿಲ್ಲ. ಅದು ಯಮುನಾಳಿಗೆ ಬೇಕಿತ್ತು, ಬೇಕೇ ಬೇಕಿತ್ತು.

“ಗೊತ್ತಿರೋರಾ ಅಕ್ಕಾ?”

“ಯಾರೋ ಏನೋ,” ಎಂದಳು ಯಮುನಾ. “ತೆಗೆದ್ಬಿಡಿ.”

ಪಕ್ಕದಲ್ಲಿ ಮಾರಕ್ಕ ಸೆರಗು ಎಳೆದೆಳೆದು ತನ್ನ ಹಚ್ಚೆಯ ಕೈಯನ್ನು ಮುಚ್ಚಿಕೊಳ್ಳುತ್ತಿದ್ದಳು. ಎಷ್ಟು ಎಳೆದರೂ ಬೆರಳುಗಳು ಹೊರಗೇ ಉಳಿಯುತ್ತಿದ್ದವು.